ತ್ರಿಕೋನ ಮುದ್ರೆಯ ಐದು ಸಾವಿರ

ಬ್ರೆಜಿಲ್ ದೇಶಕ್ಕೆ ನಾನು ಹೋಗಿಲ್ಲ. ಹೋಗುವ ಆಸೆಯೂ ಇಲ್ಲ. ಫುಟ್‌ಬಾಲ್ ನನಗೆ ತಿಳಿಯುವುದಿಲ್ಲ, ಕಾಫಿ ಬಿಟ್ಟು ಎಷ್ಟೋ ವರ್ಷವಾಯಿತು. ಆದರೂ ಆ ದೇಶದ ಹಳೆಯ ನೋಟೊಂದನ್ನು ಕೈಗೆ ಕೊಟ್ಟರೆ ಅದು ಯಾವ ಕಾಲದ್ದು, ಅದರ ವಿಷಯದಲ್ಲಿ ಅಲ್ಲಿಯ ಸರ್ಕಾರ ಎಷ್ಟು ಸಲ ಮನಸ್ಸು ಬದಲಾಯಿಸಿತು ಎಂದು ಒಂದು ನಿಮಿಷದೊಳಗೆ ಹೇಳಬಲ್ಲೆ. ಈ ವಿದ್ಯೆಯಿಂದ ನನಗೆ ಲಾಭವೇನೂ ಆಗಲಿಲ್ಲ. ದೊಡ್ಡದೊಂದು ನಷ್ಟ ಆಗುವುದರಲ್ಲಿತ್ತು. ಅದನ್ನು ಬರೆದಿಡುತ್ತಿದ್ದೇನೆ.

ನಾನು ಗದಗಿನವನು. ಮದುವೆಯಾದ ಮರುವರ್ಷ, ತೊಂಬತ್ತೆರಡರಲ್ಲಿ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಎಕ್ಸ್‌ಚೇಂಜಿನಲ್ಲಿ ಕ್ಯಾಷಿಯರ್ ಆಗಿ ಸೇರಿದೆ. ಗಾಜಿನ ಹಿಂದೆ ಕೂತು ಜನರ ಸಂಬಳವನ್ನು ಅವರವರ ಊರಿಗೆ ಕಳಿಸುವುದು, ಪರದೇಶದ ನೋಟು ಬಂದರೆ ನೋಡಿ ದಿರ್ಹಮ್ ಕೊಡುವುದು ನನ್ನ ಕೆಲಸ. ನಮ್ಮ ಬೋರ್ಡಿನ ಮೇಲೆ ಹದಿನೆಂಟು ದೇಶಗಳ ಬಾವುಟಗಳಿದ್ದವು. ಆ ಹದಿನೆಂಟರಲ್ಲಿ ಇಲ್ಲದ ದೇಶದ ನೋಟು ತಂದವರಿಗೆ "ಮಾಫಿ" ಎನ್ನಬೇಕು. ಇಲ್ಲ, ಆಗುವುದಿಲ್ಲ, ಹಿಂದಿನವರಿಗೆ ದಾರಿ ಬಿಡಿ, ಮೂರೂ ಅರ್ಥ ಆ ಒಂದೇ ಅರಬ್ಬಿ ಮಾತಿನಲ್ಲಿ ಬರುತ್ತವೆ. ಏಳೆಂಟು ತಿಂಗಳಲ್ಲಿ ನಾನು ಅದನ್ನು ತಲೆ ಎತ್ತದೆಯೇ ಹೇಳಲು ಕಲಿತಿದ್ದೆ.

ತೊಂಬತ್ತನಾಲ್ಕರ ಕೊನೆಯಲ್ಲಿ ಒಬ್ಬ ಬ್ರೆಜಿಲಿನವನು ಬಂದ. ಅಬುಧಾಬಿಯ ಒಂದು ಫುಟ್‌ಬಾಲ್ ಕ್ಲಬ್ಬಿನಲ್ಲಿ ಆಟಗಾರರ ಕಾಲು ತಿಕ್ಕುವ ಮಸಾಜಿನವನು. ಪ್ರತಿ ತಿಂಗಳೂ ತಾಯಿಗೆ ಡಾಲರ್ ಕಳಿಸುತ್ತಿದ್ದ. ಆ ದಿನ ಹಳೆಯ ಕೋಟಿನ ಜೇಬಿನಿಂದ ತನ್ನ ದೇಶದ ನೋಟುಗಳ ಒಂದು ಸಣ್ಣ ಕಟ್ಟು ತೆಗೆದು ಗಾಜಿನ ಕೆಳಗೆ ತಳ್ಳಿದ. ನಾನು ಮಾಫಿ ಎಂದೆ. ಅವನು ನಕ್ಕು, "ನಮ್ಮ ದೇಶದಲ್ಲೂ ಮಾಫಿ" ಎಂದ. ಅಲ್ಲಿ ಹೊಸ ಹಣ ಬಂದಿತ್ತು, ಇವೆಲ್ಲ ರದ್ದಾಗಿದ್ದವು. ಕೋಟು ಹಗುರವಾಗಲೆಂದು ನನ್ನ ಹತ್ತಿರವೇ ಬಿಟ್ಟು ಹೋದ.

ಊಟದ ಬಿಡುವಿನಲ್ಲಿ ನೋಡಿದೆ. ಒಂದು ನೋಟಿನ ಮೇಲೆ ಐವತ್ತು ಸಾವಿರ ಎಂದು ಅಚ್ಚಾಗಿತ್ತು. ಅದೇ ನೋಟಿನ ಖಾಲಿ ಬಿಳಿ ಜಾಗದಲ್ಲಿ ದುಂಡನೆಯ ಒಂದು ಮುದ್ರೆ, ಮುದ್ರೆಯೊಳಗೆ ಐವತ್ತು ಎಂದಿತ್ತು. ಕ್ಯಾಷಿಯರ್ ಆದವನಿಗೆ ಇದು ಸಹಿಸಲಾಗದ ವಿಷಯ. ಯಾರಾದರೂ ಪೆನ್ಸಿಲಿನಲ್ಲಿ ಹೆಸರು ಬರೆದ ನೋಟು ತಂದರೂ ನಾವು ಮುಖ ಸಿಂಡರಿಸುತ್ತೇವೆ. ಇಲ್ಲಿ ಸರ್ಕಾರವೇ ತನ್ನ ನೋಟಿನ ಮೇಲೆ ತಾನೇ ಠಸ್ಸೆ ಹೊಡೆದು ಮೂರು ಸೊನ್ನೆ ಹಾರಿಸಿತ್ತು.

ಮುಂದಿನ ತಿಂಗಳು ಅವನು ಬಂದಾಗ ಕೇಳಿದೆ. ಸಾಲು ಬೆಳೆಯುತ್ತಿದ್ದರೂ ಅವನು ಬಿಡಿಸಿ ಹೇಳಿದ. ಬೆಲೆಗಳು ಏರಿ ಏರಿ ಹಣಕ್ಕೆ ಅರ್ಥವಿಲ್ಲದಂತಾದಾಗ ಅವರ ಸರ್ಕಾರ ಮೂರು ಸೊನ್ನೆ ಕಿತ್ತು ಹಣಕ್ಕೆ ಹೊಸ ಹೆಸರಿಡುತ್ತಿತ್ತು. ಹೊಸ ನೋಟು ಅಚ್ಚಾಗುವ ತನಕ ಹಳೆಯ ನೋಟಿನ ಮೇಲೆ ಮುದ್ರೆ ಹೊಡೆದು ನಡೆಸುತ್ತಿತ್ತು. ಎಂಬತ್ತಾರರಲ್ಲಿ ದುಂಡು ಮುದ್ರೆ. ಎಂಬತ್ತೊಂಬತ್ತರಲ್ಲಿ ತ್ರಿಕೋನ. ತೊಂಬತ್ತರಲ್ಲಿ ಆಯತ, ಆ ಸಲ ಸೊನ್ನೆ ಹೋಗಲಿಲ್ಲ, ಹೆಸರು ಮಾತ್ರ ಬದಲಾಯಿತು, ಯಾಕೆಂದು ಅವನಿಗೂ ಗೊತ್ತಿರಲಿಲ್ಲ. ತೊಂಬತ್ತಮೂರರಲ್ಲಿ ಮತ್ತೆ ದುಂಡು. "ಬೆಳಿಗ್ಗೆ ಬ್ರೆಡ್ಡು ತರಲು ಹೋಗುವಾಗ ಯಾವ ಹಣದಲ್ಲಿ ಬೆಲೆ ಕೇಳಬೇಕೆಂದು ಅಮ್ಮನಿಗೆ ಗೊಂದಲ" ಎಂದ. ಮರುವರ್ಷ ರಜೆ ಮುಗಿಸಿ ಬರುವಾಗ ಆ ತಾಯಿಯ ಮೇಜಿನ ಡ್ರಾವರ್ ಬಳಿದು ಒಂದು ಲಕೋಟೆ ತುಂಬ ನೋಟು ತಂದುಕೊಟ್ಟ.

ಹೀಗೆ ಶುರುವಾಯಿತು. ಐದು ಜನ ಗಂಡಸರು ಒಂದೇ ಫ್ಲ್ಯಾಟಿನಲ್ಲಿದ್ದೆವು. ಉಳಿದ ನಾಲ್ವರು ಇಸ್ಪೀಟು ಆಡುತ್ತಿದ್ದರು. ನಾನು ಮಂಚದ ಮೇಲೆ ಕೂತು ಫೋಟೊ ಆಲ್ಬಮ್ಮಿನ ಪ್ಲಾಸ್ಟಿಕ್ಕಿನೊಳಗೆ ನೋಟು ಸೇರಿಸುತ್ತಿದ್ದೆ. ನನಗೆ ಹುಚ್ಚು ಹಿಡಿದಿದೆ ಎಂದು ಅವರಿಗೆ ಅನಿಸಿತ್ತು. ಇಸ್ಪೀಟಿನಲ್ಲಿ ಅವರು ಕಳೆದದ್ದನ್ನು ನೋಡಿದರೆ ನನ್ನದು ಸೋವಿ ಹುಚ್ಚು.

ಮುದ್ರೆ ಬಿದ್ದ ನೋಟುಗಳು ಒಟ್ಟು ಹದಿಮೂರು ಬಗೆ. ಇದನ್ನು ನನಗೆ ತಿಳಿಸಿದವರು ದುಬೈಯ ಹಿರಿಯರೊಬ್ಬರು. ಉಡುಪಿಯ ಕಡೆಯವರು, ಒಂದು ಹಡಗಿನ ಕಂಪನಿಯಲ್ಲಿ ಅಕೌಂಟೆಂಟ್. ಶುಕ್ರವಾರ ಮಧ್ಯಾಹ್ನ ಊದ್ ಮೇಥಾದ ಒಂದು ಕ್ಲಬ್ಬಿನ ಕೋಣೆಯಲ್ಲಿ ಸ್ಟ್ಯಾಂಪು, ನಾಣ್ಯ, ನೋಟು ಕೂಡಿಡುವ ಹತ್ತು ಹನ್ನೆರಡು ಜನ ಸೇರುತ್ತಿದ್ದರು, ಅವರಿಗೆಲ್ಲ ಈ ಹಿರಿಯರೇ ಗುರು. ಇಟ್ಟಿಗೆಯಷ್ಟು ದಪ್ಪದ ಕ್ಯಾಟಲಾಗ್ ಅವರ ಹತ್ತಿರ ಮಾತ್ರ ಇತ್ತು. ಅದನ್ನು ನೋಡಬೇಕೆಂದರೆ ಮೊದಲು ಕೈ ತೊಳೆದುಕೊಂಡು ಬರಬೇಕು. ಬೇವರ್ಸಿ ಕಾಗದದ ಹಾಗೆ ನೋಟು ಹಿಡಿಯಬಾರದು, ಅಂಚು ಹಿಡಿಯಬೇಕು. ಕಲೆ, ಮಡಿಕೆ, ಪಿನ್ನಿನ ತೂತು ಇದ್ದ ನೋಟನ್ನು ಅವರು ಅದಲುಬದಲಿಗೆ ತೆಗೆದುಕೊಳ್ಳುತ್ತಿರಲಿಲ್ಲ. ದೇವರೇ ತಂದುಕೊಟ್ಟರೂ ಇಲ್ಲ.

ತೊಂಬತ್ತೊಂಬತ್ತರ ಹೊತ್ತಿಗೆ ನನ್ನ ಹತ್ತಿರ ಹನ್ನೆರಡಾಗಿದ್ದವು. ಬಾಕಿ ಇದ್ದದ್ದು ಒಂದೇ, ತ್ರಿಕೋನ ಮುದ್ರೆಯ ಐದು ಸಾವಿರದ ನೋಟು. ಅದರ ಮೇಲೆ ಒಬ್ಬ ಚಿತ್ರಕಾರನ ಮುಖ ಇದೆ. ತ್ರಿಕೋನದೊಳಗೆ ಐದು ಎಂದಿರುತ್ತದೆ. ಹಿರಿಯರ ಹತ್ತಿರ ಅಂಥವು ಎರಡಿದ್ದವು. ಅವರಿಗೆ ಹಕ್ಕಿಯ ಚಿತ್ರವಿರುವ ನೋಟುಗಳೆಂದರೆ ಪ್ರಾಣ. ನನ್ನ ಹತ್ತಿರ ಒಂದು ಲಕ್ಷದ ನೋಟು ಎರಡಿದ್ದವು: ಗೂಡಿನಲ್ಲಿರುವ ಮರಿಗಳಿಗೆ ಪುಟ್ಟ ಹಕ್ಕಿಯೊಂದು ಗುಟುಕು ಕೊಡುವ ಚಿತ್ರ, ಪಕ್ಕದಲ್ಲಿ ನೂರು ಎಂಬ ದುಂಡು ಮುದ್ರೆ. ಎರಡೂ ಗರಿಗರಿ, ಒಂದು ಮಡಿಕೆಯಿಲ್ಲ. ಒಂದು ಹಕ್ಕಿ ಕೊಟ್ಟು ಒಂದು ತ್ರಿಕೋನ ತೆಗೆದುಕೊಳ್ಳುವುದೆಂದು ಮಾತಾಯಿತು. ದೀಪಾವಳಿ ಕಳೆದ ಮೊದಲ ಶುಕ್ರವಾರ ತನ್ನಿ ಎಂದರು.

ಆ ಹೊತ್ತಿಗೆ ನನ್ನ ಹೆಂಡತಿ ಅಬುಧಾಬಿಗೆ ಬಂದಿದ್ದಳು.

ಇದನ್ನು ನಾನು ಮೊದಲೇ ಹೇಳಬೇಕಿತ್ತು. ನೋಟಿನ ವಿಷಯ ಬಂದರೆ ಹೀಗೇ ಆಗುತ್ತದೆ. ಮದುವೆಯಾಗಿ ಎಂಟು ವರ್ಷವಾಗಿದ್ದರೂ ಒಂದೇ ಸೂರಿನಡಿ ನಾವು ಕಳೆದದ್ದು ಎಲ್ಲ ರಜೆ ಸೇರಿಸಿದರೂ ಒಂದೂವರೆ ವರ್ಷ ತುಂಬುತ್ತಿರಲಿಲ್ಲ. ಮಕ್ಕಳಿರಲಿಲ್ಲ, ಅದಕ್ಕೆ ಕಾರಣ ಭೂಗೋಳ. ಮೊದಲು ನನ್ನ ಸಂಬಳ ಫ್ಯಾಮಿಲಿ ವೀಸಾಕ್ಕೆ ಸಾಲುತ್ತಿರಲಿಲ್ಲ. ಸಾಲುವಷ್ಟಾದಾಗ, ಮದುವೆಯ ಸರ್ಟಿಫಿಕೇಟಿಗೆ ಬೆಂಗಳೂರು, ದಿಲ್ಲಿ, ಎಂಬಸಿ ಎಲ್ಲ ಕಡೆ ಮುದ್ರೆ ಹಾಕಿಸಬೇಕು, ಇಲ್ಲದಿದ್ದರೆ ಇಲ್ಲಿ ಅದು ಬರೀ ಕಾಗದ ಎಂದು ಅವಳಿಗೆ ಬರೆದೆ. "ನೋಡೋಣ" ಎಂದು ಉತ್ತರ ಬಂತು. ಅವಳು ಸರ್ಕಾರಿ ಕನ್ನಡ ಶಾಲೆಯ ಮಾಸ್ತರಿಣಿ. ಕಾಯಂ ನೌಕರಿ. ಬಿಟ್ಟು ಬಾ ಎನ್ನುವುದು ಸುಲಭವಲ್ಲ, ನಾನು ಹೇಳಲೂ ಇಲ್ಲ. ಮೂರು ವರ್ಷ ಆ "ನೋಡೋಣ" ಹಾಗೇ ಇತ್ತು. ಕೊನೆಗೆ ಸೆಪ್ಟೆಂಬರ್ ಕೊನೆಯಲ್ಲಿ ಎರಡು ತಿಂಗಳ ವಿಸಿಟ್ ವೀಸಾದ ಮೇಲೆ ಬಂದಳು, ನವೆಂಬರ್ ಕೊನೆಗೆ ರಿಟರ್ನ್ ಟಿಕೆಟ್ ಇಟ್ಟುಕೊಂಡೇ.

ಅವಳು ಉಳಿಯುತ್ತಾಳೋ ಹೋಗುತ್ತಾಳೋ ಎನ್ನುವುದೇ ಆ ಎರಡು ತಿಂಗಳ ಪ್ರಶ್ನೆ. ನನಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು. ನಾನು ಕೇಳಲಿಲ್ಲ. ಕೇಳಿದರೆ "ಇಲ್ಲ" ಅಂದಾಳು ಎಂಬ ಹೆದರಿಕೆ. ಗಾಜಿನ ಹಿಂದೆ ಕೂತು ದಿನಕ್ಕೆ ನಲವತ್ತು ಜನರಿಗೆ ಮಾಫಿ ಎನ್ನುವವನಿಗೆ ಒಬ್ಬಳ ಬಾಯಿಂದ ಅದನ್ನು ಕೇಳುವ ಧೈರ್ಯ ಇರಲಿಲ್ಲ.

ಶೇರಿಂಗ್ ಫ್ಲ್ಯಾಟಿನಲ್ಲಿ ಒಂದು ಕೋಣೆ ಹಿಡಿದಿದ್ದೆ. ಅಡಿಗೆಮನೆ ಇನ್ನೊಂದು ಸಂಸಾರದ ಜೊತೆ ಪಾಲು. ಬಂದ ಮೂರನೆಯ ದಿನ ಅವಳು ಕಪಾಟು ಒರೆಸುವಾಗ ಆಲ್ಬಮ್ ಸಿಕ್ಕಿತು.

"ಇವು ಎಲ್ಲಿ ನೋಟ್ರೀ?"

"ಬ್ರೆಜಿಲ್‌ದು."

"ಇಲ್ಲಿ ನಡೀತಾವೇನು?"

"ಇಲ್ಲ. ಅಲ್ಲೂ ನಡಿಯಂಗಿಲ್ಲ."

"ಇದು ಐದು ಲಕ್ಷ ಐತಿ!"

"ಇತ್ತು. ಮುದ್ರಿ ಹೊಡದ ಮ್ಯಾಲೆ ಐದನೂರು ಆತು. ಈಗ ಏನೂ ಇಲ್ಲ."

"ಅಂದ್ರ ಬೆಲಿ ಇಲ್ಲ."

"ಒಂದ ಪೈಸಾನೂ ಇಲ್ಲ" ಎಂದೆ. ಹೇಳುವಾಗ ದನಿಯಲ್ಲಿ ಸ್ವಲ್ಪ ಜಂಬವೂ ಇತ್ತೆಂದು ಕಾಣುತ್ತದೆ.

ಅವಳು ಪ್ಲಾಸ್ಟಿಕ್ಕಿನ ಮೇಲೆ ಬೆರಳಾಡಿಸಿದಳು. "ಬೆಲಿ ಇಲ್ಲದ್ದಕ್ಕ ಇಷ್ಟು ಛಲೋ ಅಂಗಿ ತೊಡಿಸೀರಿ. ನಾ ಬರದ ಕಾಗದಾ ಎಲ್ಲಿಟ್ಟೀರಿ?"

ಬಿಸ್ಕತ್ತಿನ ಡಬ್ಬಿಯಲ್ಲಿ, ಮಂಚದ ಕೆಳಗೆ ಎಂದೆ. ಅದು ನಿಜವೂ ಆಗಿತ್ತು. ಅವಳು ಬಗ್ಗಿ ಡಬ್ಬಿಯನ್ನು ಎಳೆದು ನೋಡಿ, ಧೂಳು ಒರೆಸಿ, ಮತ್ತೆ ಅಲ್ಲೇ ತಳ್ಳಿದಳು. ಮುಂದಿನ ಆರು ವಾರ ನಾನು ಅವಳಿಗೆ ಕಡಲ ದಂಡೆಯ ಕಾರ್ನಿಶ್ ತೋರಿಸಿದೆ, ಹಮ್ದಾನ್ ಸ್ಟ್ರೀಟಿನ ಅಂಗಡಿಗಳನ್ನು ತೋರಿಸಿದೆ, ದುಂಡು, ತ್ರಿಕೋನ, ಆಯತಗಳ ಚರಿತ್ರೆಯನ್ನು ಎರಡು ಸಲ ವಿವರವಾಗಿ ಹೇಳಿದೆ. ಮಾಸ್ತರಿಣಿಯಾದ್ದರಿಂದ ಎರಡನೆಯ ಸಲ ನಾನು ಬಿಟ್ಟದ್ದನ್ನು ಅವಳೇ ತುಂಬಿದಳು.

ದೀಪಾವಳಿ ಬಂತು. ಅಮಾವಾಸ್ಯೆಯ ದಿನ ಬೆಳಿಗ್ಗೆ ಅವಳು ಕೇಳಿದಳು. "ಮನ್ಯಾಗ ರೊಕ್ಕ ಎಷ್ಟೈತ್ರಿ?"

"ಎರಡನೂರ ಹತ್ತು ದಿರ್ಹಮ್. ಯಾಕ?"

"ಲಕ್ಷ್ಮೀ ಪೂಜಿ ಅಲ್ಲೇನ್ರಿ. ನಮ್ಮಪ್ಪನ ಅಂಗಡ್ಯಾಗ ಇವತ್ತ ನೋಟಿನ ಮ್ಯಾಲೆ ನೋಟ ಏರಿಸಿ ಇಡ್ತಿದ್ರು. ಎರಡನೂರ ಹತ್ತು ಇಟ್ರ ಲಕ್ಷ್ಮಿ ನಗ್ತಾಳ."

ಅವಳ ಅಪ್ಪನದು ಗದಗಿನಲ್ಲಿ ಬಟ್ಟೆ ಅಂಗಡಿ. ದೀಪಾವಳಿ ಅಮಾವಾಸ್ಯೆಗೆ ಗಲ್ಲಾಪೆಟ್ಟಿಗೆ, ವಹಿ, ನೋಟುಗಳನ್ನೆಲ್ಲ ದೇವಿಯ ಮುಂದಿಟ್ಟು ಅರಿಷಿಣ ಕುಂಕುಮ ಹಚ್ಚುವುದು ನಮ್ಮ ಕಡೆ ಎಲ್ಲ ಮನೆಯಲ್ಲೂ ಉಂಟು. ನಾನೂ ಚಿಕ್ಕಂದಿನಿಂದ ನೋಡಿದವನೇ. ನಗುತ್ತ ಡ್ಯೂಟಿಗೆ ಹೋದೆ. ಹಬ್ಬವೆಂದು ಮ್ಯಾನೇಜರನ ಕೈಕಾಲು ಹಿಡಿದು ಸಂಜೆ ಆರಕ್ಕೇ ಬಿಡಿಸಿಕೊಂಡು, ಅರ್ಧ ಕಿಲೊ ಪೇಡೆ ಕಟ್ಟಿಸಿಕೊಂಡು ಮನೆಗೆ ಬಂದೆ.

ಕೋಣೆ ತುಂಬ ಊದಿನಕಡ್ಡಿಯ ವಾಸನೆ. ಸ್ಟೂಲಿನ ಮೇಲೆ ಹೊಸ ಟವೆಲ್ಲು ಹಾಸಿ ಲಕ್ಷ್ಮಿಯ ಫೋಟೊ ಇಟ್ಟಿದ್ದಳು. ಚೆಂಡು ಹೂವಿನ ಸರ, ಎರಡು ದೀಪ. ಫೋಟೊದ ಮುಂದೆ, ಮನೆಯ ಹೆಂಚಿನ ಹಾಗೆ ಒಂದರ ಮೇಲೊಂದು ಒರಗಿಸಿ ಜೋಡಿಸಿದ್ದ ನೋಟುಗಳು. ಐದು ಲಕ್ಷ, ಒಂದು ಲಕ್ಷ, ಐವತ್ತು ಸಾವಿರ. ಹನ್ನೆರಡೂ ಬಗೆ, ಎರಡೂ ಹಕ್ಕಿ. ಎಲ್ಲವನ್ನೂ ಪ್ಲಾಸ್ಟಿಕ್ಕಿನಿಂದ ಬಿಡಿಸಿದ್ದಳು. ಪ್ರತಿಯೊಂದಕ್ಕೂ ನೀರಲ್ಲಿ ಕಲಸಿದ ಅರಿಷಿಣದ ಬೊಟ್ಟು, ಅದರ ಮೇಲೆ ಕುಂಕುಮ. ಚಿತ್ರ ಕೆಡಬಾರದೆಂದು ಹುಷಾರಾಗಿ ಬಿಳಿ ಜಾಗ ಹುಡುಕಿ ಹಚ್ಚಿದ್ದಳು, ಮುದ್ರೆಗೆ ಸರಿ ಪಕ್ಕದಲ್ಲಿ. ನೋಟುಗಳ ಕೆಳಗೆ ಮಡಿಸಿದ ಹಾಳೆಯೊಂದಿತ್ತು, ಅದಕ್ಕೂ ಕುಂಕುಮವಿತ್ತು. ಏನೋ ರಸೀದಿ ಇರಬೇಕು ಎಂದುಕೊಂಡೆ.

"ತಲಿ ಐತೇನು ನಿನಗ?" ಎಂದು ಕೂಗಿದೆ.

ಅವಳು ಕೈಯಲ್ಲಿ ಆರತಿ ತಟ್ಟೆ ಹಿಡಿದಿದ್ದಳು. "ಪೂಜಿ ಮಾಡೀನ್ರೀ."

"ಹಾಳ ಮಾಡಿದಿ! ಎಲ್ಲಾ ಹಾಳ ಮಾಡಿದಿ! ಇವಕ್ಕಿದ್ದ ಬೆಲಿ ಹೋತು!"

"ಬೆಲಿ ಇಲ್ಲ ಅಂತ ನೀವ ಹೇಳಿದ್ರಿ."

ನಾನು ಇನ್ನೂ ಜೋರಾಗಿ ಕೂಗಿದೆ. ಏನೇನು ಅಂದೆನೋ ಎಲ್ಲ ಬರೆಯುವುದು ಬೇಡ. ಅಡಿಗೆಮನೆಯಲ್ಲಿ ಪಕ್ಕದ ಸಂಸಾರದವರು ಮಿಕ್ಸಿ ನಿಲ್ಲಿಸಿ ಕೇಳಿಸಿಕೊಂಡರು. ಅವಳು ಆರತಿ ತಟ್ಟೆ ಕೆಳಗಿಟ್ಟಳು. ಅಳಲಿಲ್ಲ.

"ಈ ಮನ್ಯಾಗ ನಿಮ್ಮ ಜೀವ ಇರೂದು ಇವುದ್ರಾಗ. ಅದಕ್ಕ ಮೊದಲ ಇವಕ್ಕ ಹಚ್ಚಿದೆ" ಎಂದಳು. ಆಮೇಲೆ ನೋಟುಗಳ ಕೆಳಗಿದ್ದ ಆ ಹಾಳೆಯನ್ನು ಮೆಲ್ಲಗೆ ಎಳೆದುಕೊಂಡು ತನ್ನ ಸೂಟ್‌ಕೇಸಿನೊಳಗೆ ಇಟ್ಟಳು. ನಾನು ಅದನ್ನು ಕಂಡೆ, ಏನೆಂದು ಕೇಳಲಿಲ್ಲ. ನನಗೆ ಹತ್ತಿ ಬೇಕಾಗಿತ್ತು. ಒದ್ದೆ ಹತ್ತಿಯಿಂದ ಒಂದು ಹಕ್ಕಿಯ ನೋಟನ್ನು ಒರೆಸಿದೆ. ನೋಟನ್ನು ನೀರಿನಿಂದ ಒರೆಸುವುದು ಈ ಶಾಸ್ತ್ರದಲ್ಲಿ ಮಹಾಪಾಪ. ಅರಿಷಿಣ ಹರಡಿ ಹಕ್ಕಿ, ಗೂಡು, ಮರಿ ಎಲ್ಲಕ್ಕೂ ಕಾಮಾಲೆ ಬಂದ ಹಾಗಾಯಿತು. ಇನ್ನೊಂದನ್ನು ಮುಟ್ಟಲಿಲ್ಲ.

ಪೇಡೆಯ ಪೊಟ್ಟಣವನ್ನು ಯಾರೂ ಬಿಚ್ಚಲಿಲ್ಲ.

ಆಮೇಲಿನ ದಿನಗಳಲ್ಲಿ ಅವಳು ನನ್ನ ಜೊತೆ ಮಾತು ಬಿಡಲಿಲ್ಲ. ಬಿಟ್ಟಿದ್ದರೆ ಚೆನ್ನಾಗಿತ್ತು. ರೊಟ್ಟಿ ಇಲ್ಲಿದೆ, ಗ್ಯಾಸ್ ಮುಗಿದಿದೆ, ನೀರು ಬಂದಿಲ್ಲ ಎಂದು ನೋಟಿಸ್ ಬೋರ್ಡಿನ ಹಾಗೆ ಹೇಳುತ್ತಿದ್ದಳು. ಸೂಟ್‌ಕೇಸು ಕಪಾಟಿನ ಮೇಲಿಂದ ಇಳಿದು ಬಾಗಿಲ ಬಳಿ ಬಂತು. ಒಂದು ದಿನ ನಾನು ಡ್ಯೂಟಿಯಲ್ಲಿದ್ದಾಗ ಒಬ್ಬಳೇ ಹೋಗಿ ಟ್ರಾವೆಲ್ಸಿನಲ್ಲಿ ರಿಟರ್ನ್ ಟಿಕೆಟ್ ಖಾತ್ರಿ ಮಾಡಿಸಿಕೊಂಡು ಬಂದಿದ್ದಳು. ರಸ್ತೆ ಕೇಳಿಕೊಂಡು ಒಬ್ಬಳೇ ಹೋದದ್ದು ಅದೇ ಮೊದಲು. ಹೋಗಬೇಡ ಎನ್ನಬಹುದಿತ್ತು, ತಪ್ಪು ಅವಳದು ಎಂಬ ಹಟ ಬಿಡಲಿಲ್ಲ.

ಶುಕ್ರವಾರ ಬೆಳಿಗ್ಗೆ ಶೇರ್ ಟ್ಯಾಕ್ಸಿ ಹಿಡಿದು ದುಬೈಗೆ ಹೋದೆ. ಮುಟ್ಟದೆ ಬಿಟ್ಟಿದ್ದ ಇನ್ನೊಂದು ಹಕ್ಕಿಯ ನೋಟು, ಕುಂಕುಮದ ಸಮೇತ, ಜೇಬಿನಲ್ಲಿತ್ತು. ಯಾಕೆ ಒಯ್ದೆ ಎಂದರೆ, ಹಿರಿಯರ ಕಣ್ಣು ಮಂಜಾಗುತ್ತಿದೆ, ಒಪ್ಪಿದರೂ ಒಪ್ಪಬಹುದು ಎಂಬ ದೂರದ ಆಸೆ.

ಅವರು ಅಂಚು ಹಿಡಿದು ತೆಗೆದುಕೊಂಡು, ಭೂತಗನ್ನಡಿ ಇಟ್ಟು ಬಹಳ ಹೊತ್ತು ನೋಡಿದರು.

"ಇದು ಎಂತ ಮಾರಾಯ್ರೆ? ಇದು ಯಾವ ಸೀಲು? ಕೆಂಪು ಸೀಲು ಕ್ಯಾಟಲಾಗಿನಲ್ಲಿ ಇಲ್ಲ."

"ಕುಂಕುಮ ಸರ್."

"ಕುಂಕುಮವಾ? ಯಾರು ಹಾಕಿದ್ದು?"

"ಮನೆಯವಳು. ಲಕ್ಷ್ಮೀ ಪೂಜೆಗೆ."

ಭೂತಗನ್ನಡಿ ಕೆಳಗಿಟ್ಟರು. "ಅವರು ಇಲ್ಲಿಯೇ ಇದ್ದಾರಾ?"

"ಸದ್ಯಕ್ಕೆ" ಎಂದೆ. ಆಮೇಲೆ ಏನಾಯಿತೋ, ನಡೆದದ್ದನ್ನೆಲ್ಲ ಹೇಳಿಬಿಟ್ಟೆ. ಹದಿಮೂರನೆಯ ನೋಟು ಹೋಯಿತು ಎಂದು ಹೇಳಿಕೊಳ್ಳಲು ಶುರು ಮಾಡಿದವನು ಸೂಟ್‌ಕೇಸು ಬಾಗಿಲ ಬಳಿ ಬಂದಿದೆ ಎನ್ನುವಲ್ಲಿಗೆ ನಿಲ್ಲಿಸಿದೆ.

ಅವರು ತಮ್ಮ ಆಲ್ಬಮ್ ತೆರೆದು ನನ್ನ ಕಡೆ ತಿರುಗಿಸಿದರು. ಪುಟ ಮಗುಚಿದರು, ಇನ್ನೊಂದು ಪುಟ ಮಗುಚಿದರು. "ನೋಡಿ ಇವ್ರೆ. ಎಲ್ಲ ಕ್ಲೀನ್ ಉಂಟು. ಒಂದು ಬೆರಳಿನ ಗುರುತು ಸಹ ಇಲ್ಲ. ನಾನು ಬಂದು ಇಪ್ಪತ್ತಾರು ವರ್ಷ ಆಯ್ತು. ಹೆಂಡತಿ ಊರಲ್ಲಿ, ನಾನಿಲ್ಲಿ. ಮತ್ತೆ ಮುಟ್ಲಿಕ್ಕೆ ಯಾರಿದ್ದಾರೆ ಹೇಳಿ."

ಆಲ್ಬಮ್ ಮುಚ್ಚಿ, ನನ್ನ ನೋಟನ್ನು ಹಿಂದಕ್ಕೆ ಕೊಟ್ಟರು. "ಆದ್ರೆ ಬದಲಿ ಆಗುದಿಲ್ಲ ಆಯ್ತಾ. ಕಲೆ ಉಂಟಲ್ಲ" ಎಂದರು.

ಟ್ಯಾಕ್ಸಿಯಲ್ಲಿ ಹಿಂದೆ ಬರುವಾಗ ಎರಡು ಗಂಟೆ ಮರಳು ನೋಡಿದೆ. ಆ ಮಡಿಸಿದ ಹಾಳೆ ನೆನಪಾಯಿತು. ರಸೀದಿಗೆ ಯಾರೂ ಕುಂಕುಮ ಹಚ್ಚುವುದಿಲ್ಲ.

ಮನೆಗೆ ಬಂದಾಗ ಅವಳು ಮಂಚದ ಮೇಲೆ ಸೀರೆ ಮಡಿಸುತ್ತಿದ್ದಳು. ನಿಂತೇ ಕೇಳಿದೆ. "ನೋಟಿನ ಕೆಳಗ ಒಂದು ಹಾಳಿ ಇಟ್ಟಿದ್ದಿಯಲ್ಲ, ಅದು ಯಾವುದು?"

ಅವಳು ತಲೆ ಎತ್ತಲಿಲ್ಲ. ಸೂಟ್‌ಕೇಸಿನಿಂದ ಅದನ್ನು ತೆಗೆದು ನನ್ನ ಮುಂದೆ ಒಗೆದಳು. "ನೋಟ್ ಗುರುತ ಹಿಡಿಯೂದ್ರಾಗ ಭಾಳ ಶಾಣ್ಯಾರಲ್ಲ ನೀವು. ಹಿಡೀರಿ ಇದನ್ನ."

ನೋಟು ನೋಡುವ ಹಾಗೆಯೇ ನೋಡಿದೆ. ಬೇರೆ ರೀತಿ ನನಗೆ ಬರುವುದಿಲ್ಲ. ಮೊದಲು ಮುಂಬದಿ. ನಮ್ಮ ಮದುವೆಯ ಸರ್ಟಿಫಿಕೇಟು. ಎಡ ಮೂಲೆಯ ಬಿಳಿ ಜಾಗದಲ್ಲಿ ಅರಿಷಿಣ, ಅದರ ಮೇಲೆ ಕುಂಕುಮ. ಮಗುಚಿದೆ. ಹಿಂಬದಿಯಲ್ಲಿ ದುಂಡನೆಯ ಮುದ್ರೆ, ಬೆಂಗಳೂರಿನದು. ಅದರ ಕೆಳಗೆ ಆಯತದ ಮುದ್ರೆ, ದಿಲ್ಲಿಯದು. ಪಕ್ಕದಲ್ಲಿ ಈ ದೇಶದ ಎಂಬಸಿಯದು, ಅರಬ್ಬಿ ಅಕ್ಷರಗಳ ಜೊತೆ. ತ್ರಿಕೋನ ಮಾತ್ರ ಇರಲಿಲ್ಲ. ಪ್ರತಿ ಮುದ್ರೆಯೊಳಗೂ ತಾರೀಖಿತ್ತು. ಮುದ್ರೆಯಲ್ಲಿ ತಾರೀಖು ಹುಡುಕುವುದು ನನಗೆ ಅಭ್ಯಾಸ. ಮೂರೂ ಜೂನ್ ತಿಂಗಳಿನವು.

ಅವಳು ವಿಮಾನ ಹತ್ತಿದ್ದು ಸೆಪ್ಟೆಂಬರಿನಲ್ಲಿ. ಅಂದರೆ ಅದಕ್ಕೂ ಮೂರು ತಿಂಗಳು ಮೊದಲೇ, ಶಾಲೆ ಶುರುವಾದ ಹೊಸದರಲ್ಲಿ ರಜೆ ಹಾಕಿ, ರಾತ್ರಿ ರೈಲಿನಲ್ಲಿ ಬೆಂಗಳೂರಿಗೆ ಹೋಗಿ, ಏಜೆಂಟನ ಕೈಯಲ್ಲಿ ದಿಲ್ಲಿಗೆ ಕಳಿಸಿ, ಈ ಕಾಗದಕ್ಕೆ ಬೆಲೆ ತಂದಿದ್ದಳು. ನನಗೆ ಒಂದು ಮಾತು ಬರೆದಿರಲಿಲ್ಲ. ಏಳು ವಾರ ಇದು ಅವಳ ಸೂಟ್‌ಕೇಸಿನಲ್ಲೇ ಇತ್ತು. ಇರು ಎಂದು ನಾನು ಒಂದು ಸಲ ಕೇಳಲಿ ಎಂದು ಇಟ್ಟುಕೊಂಡಿದ್ದಳು. ಆ ವಾರಗಳಲ್ಲೆಲ್ಲ ನಾನು ಅವಳಿಗೆ ಆಯತದ ಮುದ್ರೆಯಿಂದ ಸೊನ್ನೆ ಹೋಗಲಿಲ್ಲ ಎಂಬ ಕಥೆ ಹೇಳುತ್ತಿದ್ದೆ.

"ಹಬ್ಬದ ದಿನ ಪೂಜಿ ಮಾಡಿ ನಿಮ್ಮ ಕೈಯಾಗ ಕೊಡಬೇಕಂತ ಮಾಡಿದ್ದೆ" ಎಂದಳು. ಈಗ ಅಳುತ್ತಿದ್ದಳು.

ನನಗೆ ನಾಚಿಕೆಯಾಯಿತು. ಅದನ್ನು ಬೇರೆ ರೀತಿ ಹೇಳಲಾರೆ. ಅಷ್ಟು ವರ್ಷದಲ್ಲಿ ಅಷ್ಟು ನಾಚಿಕೆ ನನಗೆ ಯಾವತ್ತೂ ಆಗಿರಲಿಲ್ಲ. "ತಪ್ಪಾತು" ಎಂದೆ. ಅಲ್ಲೇ ಸೂಟ್‌ಕೇಸಿನ ಮೇಲೆ ಕೂತೆ. "ಇಲ್ಲೇ ಇರ್ತೀಯೇನು?"

"ಇದನ್ನ ಕೇಳಾಕ ಏಳು ವಾರ ಬೇಕಾತು ನಿಮಗ" ಎಂದಳು. ಆಮೇಲೆ, "ಮೊದಲ ಏಳ್ರಿ ಅದರ ಮ್ಯಾಲಿಂದ, ಒಳಗ ಹಪ್ಪಳ ಅದಾವು" ಎಂದಳು.

ನವೆಂಬರ್ ಕೊನೆಗೆ ಟಿಕೆಟ್ ಪ್ರಕಾರ ಹೋದಳು. ಟಿಕೆಟ್ಟಿನ ಹಣ ವಾಪಸು ಬರುತ್ತಿರಲಿಲ್ಲ, ಶಾಲೆಯ ಚಾರ್ಜು ಒಪ್ಪಿಸಿ ರಾಜೀನಾಮೆ ಕೊಡಬೇಕಿತ್ತು. ವೀಸಾದ ಅರ್ಜಿ ತುಂಬುವ ಟೈಪಿಂಗ್ ಅಂಗಡಿಯ ಮಲಯಾಳಿ ಸರ್ಟಿಫಿಕೇಟನ್ನು ಹಿಂದೆ ಮುಂದೆ ತಿರುಗಿಸಿ, ಈ ಕೆಂಪು ಕಲೆ ಏನು, ಕೌಂಟರಿನಲ್ಲಿ ತಕರಾರು ಮಾಡಿಯಾರು ಎಂದ. ಕುಂಕುಮ ಎಂದೆ. ಅವನು ಇನ್ನೇನೂ ಕೇಳದೆ ಟೈಪು ಮಾಡಿದ. ಕೌಂಟರಿನಲ್ಲಿ ಯಾರೂ ತಕರಾರು ಮಾಡಲಿಲ್ಲ. ಜನವರಿಯಲ್ಲಿ ಅವಳು ಮತ್ತೆ ಬಂದಳು, ಹಪ್ಪಳದ ಸಮೇತ.

ಮುಂದೆ ನಮಗೆ ಮಗಳು ಹುಟ್ಟಿದಳು. ನನ್ನ ಕಂಪನಿ ನನ್ನನ್ನು ದುಬೈ ಬ್ರಾಂಚಿಗೆ ಹಾಕಿತು, ಅಲ್ಲಿಯ ಇಂಟರ್‌ನ್ಯಾಷನಲ್ ಸಿಟಿ ಬಡಾವಣೆಯಲ್ಲಿ ಮನೆ ಮಾಡಿದೆವು. ಮಗಳಿಗೆ ಆಲ್ಬಮ್ ತೋರಿಸಿದಾಗ ಕನ್ನಡದಲ್ಲಿ ಕೇಳಿದ್ದಕ್ಕೆಲ್ಲ ಇಂಗ್ಲಿಷಿನಲ್ಲಿ ಉತ್ತರ ಕೊಟ್ಟು, ಕೆಂಪು ಚುಕ್ಕೆಗಳು ನೋಟಿನವೇ ಎಂದುಕೊಂಡಳು. ನಾನು ತಿದ್ದಲಿಲ್ಲ. ಹದಿಮೂರನೆಯ ಜಾಗ ಖಾಲಿಯೇ ಇತ್ತು. ಕಂಪ್ಯೂಟರಿನಲ್ಲಿ ಆ ನೋಟು ಎರಡು ಕಾಫಿಯ ಬೆಲೆಗೆ ಸಿಗುತ್ತದೆಂದು ಆ ಹೊತ್ತಿಗೆ ತಿಳಿದಿತ್ತು. ಯಾಕೋ ತರಿಸಲಿಲ್ಲ.

ಒಂದು ದಿನ ಹಿರಿಯರ ಫೋನು ಬಂತು. "ಖಲಾಸ್ ಮಾರಾಯ್ರೆ, ವೀಸಾ ಕ್ಯಾನ್ಸಲ್ ಮಾಡಿ ಊರಿಗೆ ಹೋಗ್ತಾ ಇದ್ದೇನೆ. ಇನ್ನು ಅವಳ ಒಟ್ಟಿಗೆ ಇರುದು" ಎಂದರು. ವಿಮಾನ ನಿಲ್ದಾಣಕ್ಕೆ ಬಿಡಲು ನಾನೇ ಹೋದೆ. ಕೈಚೀಲದಲ್ಲಿ ಅವರ ಆಲ್ಬಮ್ಮುಗಳಿದ್ದವು, ಸಾಮಾನಿಗೆ ಹಾಕಲು ಒಪ್ಪಿರಲಿಲ್ಲ. ಒಳಗೆ ಹೋಗುವ ಮೊದಲು ಒಂದು ಲಕೋಟೆ ಕೊಟ್ಟರು. ಮನೆಯಲ್ಲಿ ತೆರೆದು ನೋಡಿದೆ. ತ್ರಿಕೋನ ಮುದ್ರೆಯ ಐದು ಸಾವಿರ. ಆಗ ತಾನೇ ಅಚ್ಚಿನಿಂದ ಇಳಿದ ಹಾಗೆ ಗರಿಗರಿಯಾಗಿತ್ತು. ಜೊತೆಗೊಂದು ಚೀಟಿ, ಅಕೌಂಟೆಂಟಿನ ಗುಂಡು ಅಕ್ಷರದಲ್ಲಿ: "ಮನೆಯವರ ಕೈಯಲ್ಲಿ ಕೊಡಿ. ಕ್ಲೀನ್ ಇದ್ದದ್ದು ಸಾಕು."

ಅವಳ ಕೈಯಲ್ಲೇ ಕೊಟ್ಟೆ. ದೀಪಾವಳಿಯ ತನಕ ಅವಳು ಅದನ್ನು ಬಿಸ್ಕತ್ತಿನ ಡಬ್ಬಿಯಲ್ಲಿ, ತಾನು ಬರೆದ ಕಾಗದಗಳ ನಡುವೆ ಇಟ್ಟಿದ್ದಳು. ಅಮಾವಾಸ್ಯೆಯ ಸಂಜೆ ತೆಗೆದು, ಒದ್ದೆ ಅರಿಷಿಣದ ಬೆರಳನ್ನು ನೋಟಿನ ಮೇಲೆ ಹಿಡಿದು, ನನ್ನ ಮುಖ ನೋಡಿದಳು.

"ಹಚ್ಚಲೇನ್ರೀ? ಆಮ್ಯಾಲೆ ಒದರಬ್ಯಾಡ್ರಿ ಮತ್ತ."

"ಹಚ್ಚು" ಎಂದೆ. "ತ್ರಿಕೋನದ ಮಗ್ಗಲಾಗ ಜಾಗ ಐತಿ."

ಈಗ ನನ್ನ ಸೆಟ್ಟು ಪೂರ್ತಿಯಾಗಿದೆ. ಕ್ಯಾಟಲಾಗಿನ ಪ್ರಕಾರ ಹದಿಮೂರಕ್ಕೆ ಹದಿಮೂರೂ ಕೆಟ್ಟಿವೆ.